ಐವತ್ತರ ಮುಖಕ್ಕೆ ಮೊಡವೆ, ಉರಿ, ಕೆಂಪು: ಕರಾವಳಿಯಲ್ಲಿ ಏನು ಹಚ್ಚಬೇಕು, ಏನು ಬಿಡಬೇಕು

ಉಡುಪಿಯಲ್ಲಿ ಔಷಧಿ ಅಂಗಡಿಯ ಕೌಂಟರ್ ಹಿಂದೆ ನಿಂತು ನನ್ನ ಅರ್ಧ ಆಯುಷ್ಯ ಕಳೆದಿದೆ. ಬಿಪಿ ಮಾತ್ರೆ, ಕೆಮ್ಮಿನ ಸಿರಪ್ ಎಲ್ಲ ಜೋರಾಗಿ ಕೇಳುತ್ತಾರೆ. ಮುಖದ ವಿಷಯ ಮಾತ್ರ ಪಕ್ಕದವರು ಹೋದ ಮೇಲೆ, ದನಿ ತಗ್ಗಿಸಿ. "ಈ ವಯಸ್ಸಲ್ಲಿ ಮೊಡವೆ ಬರ್ತದಾ ಮಾರಾಯ್ರೆ?" ಬರ್ತದೆ. ಮಗಳ ಮದುವೆ ಮಾಡಿ ಮುಗಿಸಿದವರಿಗೂ ಬರ್ತದೆ. ನನಗೂ ಬಂದಿದೆ. ಗದ್ದದ ಅಂಚಿನಲ್ಲಿ ಗಟ್ಟಿ ಗುಳ್ಳೆ, ಕೆನ್ನೆಯಲ್ಲಿ ಕೆಂಪು, ಬಿಸಿ ಸಾರು ಕುಡಿದರೆ ಮುಖವೆಲ್ಲ ಉರಿ.

ಹೀಗೆ ಕೇಳಲು ಬರುವವರ ಚೀಲದಲ್ಲಿ ಸಾಮಾನ್ಯವಾಗಿ ಅರ್ಧ ಬಳಸಿದ ನಾಲ್ಕಾರು ಟ್ಯೂಬ್ ಇರುತ್ತವೆ. ಮಗಳು ಆನ್‌ಲೈನಿನಲ್ಲಿ ತರಿಸಿದ ಸೀರಮ್, ಪಾರ್ಲರಿನವರು ಕೊಟ್ಟ ಕ್ರೀಮ್, ಪಕ್ಕದ ಮನೆಯವರಿಗೆ ಗುಣ ಸಿಕ್ಕಿದ ಇನ್ನೇನೋ. ಮತ್ತೊಂದು ಟ್ಯೂಬ್ ಮಾರಿದರೆ ಅಂಗಡಿಗೆ ಲಾಭ, ನಿಜ. ಆದರೂ ನಾನು ಹೇಳುವುದು ಒಂದೇ: ಮೊದಲು ಎಲ್ಲ ಬಿಡಿ. ಈ ವಯಸ್ಸಿನ ಸಿಟ್ಟು ಬಂದ ಚರ್ಮಕ್ಕೆ ಬೇಕಾದ್ದು ಬಹಳ ಕಡಿಮೆ. ಆ ಕಡಿಮೆಯನ್ನು ದಿನಾ ಮಾಡಬೇಕು, ಅಷ್ಟೇ.

ಮೊದಲು ಮುಖ ಸರಿಯಾಗಿ ನೋಡಿ

ಬೆಳಿಗ್ಗೆ ಮುಖ ತೊಳೆದು ಅರ್ಧ ಗಂಟೆ ಏನೂ ಹಚ್ಚಬೇಡಿ. ಆಮೇಲೆ ಕಿಟಕಿ ಪಕ್ಕ ಕನ್ನಡಿ ಹಿಡಿದು ನಿಲ್ಲಿ. ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ನಮ್ಮ ಬಣ್ಣದಲ್ಲಿ ಕೆಂಪು ಕಾಣುವುದೇ ಇಲ್ಲ. ಬಿಳಿಯರ ಮುಖದ ಹಾಗೆ ಟೊಮೆಟೊ ಬಣ್ಣ ಬರುವುದಿಲ್ಲ ನಮಗೆ. ಸ್ವಲ್ಪ ಕಂದು, ಸ್ವಲ್ಪ ನೇರಳೆ ಮಿಶ್ರ, ಅಷ್ಟೇ. ಅದಕ್ಕೇ ಎಷ್ಟೋ ಜನ ಅದನ್ನು ಬಿಸಿಲಿಗೆ ಕಪ್ಪಾದದ್ದು ಅಂತ ತಿಳಿದು ಬೆಳ್ಳಗಾಗುವ ಕ್ರೀಮ್ ಹಚ್ಚುತ್ತಾರೆ.

ಕೆನ್ನೆಯ ಮೇಲೆ ಬೆರಳು ಒತ್ತಿ ಬಿಡಿ. ಒತ್ತಿದ ಜಾಗ ಒಂದು ಕ್ಷಣ ತಿಳಿಯಾಗಿ, ಮತ್ತೆ ಬಣ್ಣ ತುಂಬಿಕೊಂಡರೆ ಅದು ಹಿಗ್ಗಿದ ರಕ್ತನಾಳದ ಕೆಂಪು. ಒತ್ತಿದರೂ ಬಣ್ಣ ಹಾಗೇ ಕೂತಿದ್ದರೆ ಅದು ಬಂಗು, ಇಲ್ಲವೇ ಹಳೆ ಮೊಡವೆಯ ಕಲೆ. ಎರಡಕ್ಕೂ ದಾರಿ ಬೇರೆ.

ಗುಳ್ಳೆಗಳನ್ನೂ ನೋಡಿ. ಜೊತೆಗೆ ಕಪ್ಪು ಚುಕ್ಕೆ (ಬ್ಲ್ಯಾಕ್‌ಹೆಡ್), ಬಿಳಿ ಚುಕ್ಕೆ (ವೈಟ್‌ಹೆಡ್) ಇದ್ದು, ಗದ್ದ ಮತ್ತು ದವಡೆಯ ಸುತ್ತ ಗಟ್ಟಿಯಾಗಿ ಎದ್ದು ನೋಯುತ್ತಿದ್ದರೆ ಅದು ಸಾಮಾನ್ಯ ಮೊಡವೆ. ಚುಕ್ಕೆ ಒಂದೂ ಇಲ್ಲ, ಮೂಗು, ಕೆನ್ನೆ, ಹಣೆಯ ನಡುಭಾಗದಲ್ಲಿ ಮಾತ್ರ ಕೆಂಪು, ಅದರ ಮೇಲೆ ಸಣ್ಣ ಗುಳ್ಳೆ, ಬಿಸಿಗೆ ಉರಿ ಅಂದರೆ ಅದು ರೊಸೇಶಿಯಾ ಎಂಬ ಚರ್ಮದ ಕಾಯಿಲೆ ಇರಬಹುದು. ಇನ್ನೊಂದು ಬಗೆ ನಮ್ಮ ಊರಲ್ಲಿ ಮಳೆಗಾಲದಲ್ಲಿ ಜಾಸ್ತಿ: ಹಣೆಯಲ್ಲಿ, ಕೂದಲಿನ ಅಂಚಿನಲ್ಲಿ, ಎದೆಯ ಮೇಲೆ ಎಲ್ಲ ಒಂದೇ ಅಳತೆಯ ಸಣ್ಣ ಗುಳ್ಳೆ, ಮತ್ತು ತುರಿಕೆ. ಅದು ಮಲಸೇಜಿಯ ಎಂಬ ಯೀಸ್ಟಿನ, ಅಂದರೆ ಒಂದು ಬಗೆಯ ಶಿಲೀಂಧ್ರದ ಕೆಲಸ. ಅದಕ್ಕೆ ಮೊಡವೆಯ ಔಷಧಿ ಹಚ್ಚಿದರೆ ಹೋಗುವುದಿಲ್ಲ, ಆಂಟಿಫಂಗಲ್ ಬೇಕು. ಎರಡು ಬಗೆ ಒಟ್ಟಿಗೆ ಇರುವುದೂ ಉಂಟು.

ಈ ವಯಸ್ಸಿಗೇ ಯಾಕೆ ಅಂತ ಕೇಳಿದರೆ, ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಇಳಿಯುತ್ತದೆ. ಪುರುಷ ಹಾರ್ಮೋನ್ ಅಷ್ಟು ಬೇಗ ಇಳಿಯುವುದಿಲ್ಲ. ಹಾಗಾಗಿ ಗದ್ದದಲ್ಲಿ ಮೊಡವೆ, ಒಂದೆರಡು ದಪ್ಪ ಕೂದಲು. ಅದೇ ಹೊತ್ತಿಗೆ ಚರ್ಮ ತೆಳ್ಳಗಾಗಿ ಒಣಗುತ್ತದೆ. ಅಂದರೆ ಹದಿನೆಂಟರ ಹುಡುಗಿಯ ಮೊಡವೆ, ಆದರೆ ಹದಿನೆಂಟರ ಚರ್ಮ ಇಲ್ಲ. ಕಾಲೇಜಿನ ಮಗಳ ಫೇಸ್‌ವಾಶ್ ಅಮ್ಮನಿಗೆ ಆಗದೇ ಇರುವುದು ಇದಕ್ಕೇ. ನಮ್ಮ ಚರ್ಮದ ಮೇಲ್ಪದರ ಈಗ ಅಲ್ಲಲ್ಲಿ ಹೆಂಚು ಸರಿದ ಮಾಡಿನ ಹಾಗೆ. ಒಳಗಿನ ಪಸೆ ಹೊರಗೆ ಹೋಗುತ್ತದೆ, ಹೊರಗಿನ ಖಾರ ಒಳಗೆ ಬರುತ್ತದೆ. ಮೊದಲು ಹೆಂಚು ಕೂರಿಸಬೇಕು, ಬಣ್ಣ ಆಮೇಲೆ.

ಆ ಒಂದು ಟ್ಯೂಬ್

ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಮುಖ ಹಾಳಾಗುವುದು ಹೆಚ್ಚಾಗಿ ಇದರಿಂದ.

ಟ್ಯೂಬನ್ನು ತಿರುಗಿಸಿ. ಹಿಂಬದಿ ಸಣ್ಣ ಅಕ್ಷರ ಓದಲು ಕನ್ನಡಕ ಬೇಕಾದೀತು, ಇಲ್ಲದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್, ಫ್ಲುವೊಸಿನೊಲೋನ್. ಇವುಗಳಲ್ಲಿ ಒಂದು ಹೆಸರು ಕಂಡರೆ ಅದು ಸ್ಟಿರಾಯ್ಡ್. ತುರಿಕೆಗೆ, ಕಜ್ಜಿಗೆ ವೈದ್ಯರು ಕೊಟ್ಟದ್ದನ್ನು ಮುಖಕ್ಕೆ ಹಚ್ಚಿಕೊಂಡವರು ಎಷ್ಟೋ ಮಂದಿ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಜೊತೆ ಸ್ಟಿರಾಯ್ಡ್ ಬೆರೆಸಿದ ಕ್ರೀಮ್ ಇನ್ನೊಂದು. ಅದು ಬಂಗಿನ ಔಷಧಿ. ಕೆಲವು ವಾರದ ಮಟ್ಟಿಗೆ, ವೈದ್ಯರ ಕಣ್ಣೆದುರು ಬಳಸಬೇಕಾದ್ದು. ಜನ ಅದನ್ನು ವರ್ಷಗಟ್ಟಲೆ ಸ್ನೋ ಹಚ್ಚಿದ ಹಾಗೆ ಹಚ್ಚುತ್ತಾರೆ.

ಮೊದಲ ವಾರ ಅದು ಚಮತ್ಕಾರ ಮಾಡುತ್ತದೆ, ಅದೇ ತೊಂದರೆ. ಕೆಂಪು ಮಾಯ, ಮೊಡವೆ ಮಾಯ, ಮುಖ ತಿಳಿ. ಅಕ್ಕತಂಗಿಯರಿಗೂ ಹೇಳಿ ಆಗುತ್ತದೆ. ತಿಂಗಳು ಕಳೆದ ಹಾಗೆ ಚರ್ಮ ತೆಳ್ಳಗಾಗಿ ಕೆನ್ನೆಯಲ್ಲಿ ಸಣ್ಣ ಸಣ್ಣ ನಾಳ ಕಾಣತೊಡಗುತ್ತವೆ. ಬಾಯಿಯ ಸುತ್ತ ಗುಳ್ಳೆ ಏಳುತ್ತವೆ. ಗದ್ದದಲ್ಲಿ ಕೂದಲು ದಪ್ಪವಾಗುತ್ತದೆ. ಒಂದು ದಿನ ಹಚ್ಚದಿದ್ದರೆ ಮುಖ ಬೆಂಕಿ. ಮತ್ತೆ ಹಚ್ಚಿದರೆ ತಣ್ಣಗೆ. ಅಲ್ಲಿಗೆ ಟ್ಯೂಬ್ ಬಿಡಲಾಗದ ಸ್ಥಿತಿ.

ಇಂಥ ಹಲವು ಸ್ಟಿರಾಯ್ಡ್ ಕ್ರೀಮ್‌ಗಳನ್ನು 2018ರಲ್ಲಿ ಷೆಡ್ಯೂಲ್ ಎಚ್ ಎಂಬ ಔಷಧಿ ಪಟ್ಟಿಗೆ ಸೇರಿಸಿದರು. ಚೀಟಿ ಇಲ್ಲದೆ ಮಾರುವ ಹಾಗಿಲ್ಲ. ಆದರೂ ಸಿಗುತ್ತದೆ, ನಿಮಗೂ ಗೊತ್ತು. "ಹೋದ ಸಲ ಕೊಟ್ಟಿದ್ರಲ್ಲ, ನಿಮ್ಮ ಹುಡುಗ" ಅಂತ ಜಗಳಕ್ಕೆ ಬರುವವರೂ ಇದ್ದಾರೆ. ನಾನು ಕೊಡುವುದಿಲ್ಲ, ಅವರು ಮುಂದಿನ ಅಂಗಡಿಗೆ ಹೋಗುತ್ತಾರೆ.

ನೀವು ತಿಂಗಳುಗಳಿಂದ ಇಂಥದ್ದು ಹಚ್ಚುತ್ತಿದ್ದರೆ ಇದನ್ನು ಓದಿ ಇವತ್ತೇ ಕಸದ ಬುಟ್ಟಿಗೆ ಎಸೆಯಬೇಡಿ. ಚರ್ಮದ ವೈದ್ಯರ ಹತ್ತಿರ ಹೋಗಿ. ಬಿಟ್ಟ ಕೂಡಲೇ ಮುಖ ಉರಿದು ಊದಬಹುದು. ಹೇಗೆ ಇಳಿಸುವುದು, ನಡುವೆ ಏನು ಕೊಡುವುದು ಅಂತ ಅವರು ನೋಡಿ ಹೇಳುತ್ತಾರೆ. ಕೆಳಗೆ ಬರೆದದ್ದೆಲ್ಲ ಆ ಟ್ಯೂಬ್ ಕೈಯಲ್ಲಿ ಇಲ್ಲದವರಿಗೆ.

ಬೆಳಿಗ್ಗೆ

ಎಲ್ಲ ನಿಲ್ಲಿಸಿದ ಮೇಲೆ ಮೂರು ನಾಲ್ಕು ವಾರ ಮೂರೇ ವಸ್ತು: ಸೌಮ್ಯವಾದ ಕ್ಲೆನ್ಸರ್, ವಾಸನೆ ಇಲ್ಲದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಬ್ರ್ಯಾಂಡ್ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಹೆಸರಿಗಿಂತ ಡಬ್ಬದ ಹಿಂಬದಿ ಮುಖ್ಯ.

ಸೋಪಿನ ಪಿಎಚ್ (ಹುಳಿ, ಕ್ಷಾರದ ಅಳತೆ) 9ರಿಂದ 10. ನಮ್ಮ ಚರ್ಮದ್ದು ಸುಮಾರು 5. ಸೋಪು ಹಾಕಿ ತೊಳೆದ ಮೇಲೆ ಮುಖ ಬಿಗಿ ಹಿಡಿಯುವುದು ಸ್ವಚ್ಛವಾದ ಲಕ್ಷಣ ಅಂತ ನಮಗೆ ಚಿಕ್ಕಂದಿನಿಂದ ಅನಿಸಿದೆ. ಅದು ಚರ್ಮದ ಪಸೆ ಹೋದ ಲಕ್ಷಣ. ಸೋಪಿಲ್ಲದ ಕ್ಲೆನ್ಸರ್ ಅಥವಾ ಸಿಂಡೆಟ್ ಬಾರ್ (ಸೋಪಿನ ಹಾಗೆ ಕಾಣುವ, ಸೋಪಲ್ಲದ ಬಿಲ್ಲೆ) ತೆಗೆದುಕೊಳ್ಳಿ. ನೊರೆ ಕಡಿಮೆ ಬರುತ್ತದೆ. "ಇದು ತೊಳೆದ ಹಾಗೇ ಆಗುವುದಿಲ್ಲ" ಅಂತ ವಾಪಸ್ ತಂದುಕೊಟ್ಟವರಿದ್ದಾರೆ. ಒಂದು ವಾರ ತಡೆದುಕೊಳ್ಳಿ.

ತೊಳೆಯುವ ರೀತಿಯೂ ಉಂಟು. ಹಂಡೆಯ ಬಿಸಿನೀರು ಮೈಗೆ ಸರಿ, ಮುಖಕ್ಕೆ ಬೇಡ. ಅಡಿಕೆ ಸಿಪ್ಪೆ ಉರಿಸಿ ಕಾಯಿಸಿದ ನೀರಿನ ಸುಖ ನನಗೂ ಗೊತ್ತು, ಆದರೆ ಮುಖಕ್ಕೆ ಪ್ರತ್ಯೇಕ ತಣ್ಣೀರಿನ ತಂಬಿಗೆ ಇಟ್ಟುಕೊಳ್ಳಿ. ಕ್ಲೆನ್ಸರನ್ನು ಬೆರಳ ತುದಿಯಲ್ಲಿ ಅರ್ಧ ನಿಮಿಷ ಆಡಿಸಿ. ಕೂದಲಿನ ಅಂಚು, ಕಿವಿಯ ಮುಂದೆ, ದವಡೆಯ ಕೆಳಗೆ ಸರಿಯಾಗಿ ತೊಳೆಯಿರಿ. ಶಾಂಪೂ, ಎಣ್ಣೆ ಎಲ್ಲ ಉಳಿಯುವುದು ಅಲ್ಲೇ. ಬೈರಾಸಿನಿಂದ ಉಜ್ಜಬೇಡಿ, ಒತ್ತಿ ಒರೆಸಿ. ಮುಖದ ಬಟ್ಟೆ ಬೇರೆಯೇ ಇರಲಿ. ಬೆಳಿಗ್ಗೆ ಬರೀ ನೀರಿನಲ್ಲಿ ತೊಳೆದರೂ ಸಾಕು.

ಮುಖ ಸ್ವಲ್ಪ ಒದ್ದೆ ಇರುವಾಗಲೇ ಮಾಯಿಶ್ಚರೈಸರ್. "ಉಡುಪಿಯ ಸೆಕೆಗೆ ಮಾಯಿಶ್ಚರೈಸರಾ?" ಅಂತ ನಗುತ್ತಾರೆ. ಬೆವರು ಬೇರೆ, ಚರ್ಮದ ಪಸೆ ಬೇರೆ. ಬೆವರಿನ ಕೆಳಗೆ ಚರ್ಮ ಒಣಗಿಯೇ ಇರಬಹುದು. ಎಸಿ ಕಚೇರಿಯಲ್ಲಿ ಕೂರುವವರಿಗಂತೂ ಇನ್ನೂ ಹೆಚ್ಚು. ಡಬ್ಬದ ಹಿಂದೆ ಗ್ಲಿಸರಿನ್, ಸೆರಮೈಡ್, ಹಯಲುರಾನಿಕ್ ಆಸಿಡ್ ಇದ್ದರೆ ಒಳ್ಳೆಯದು. ನಮ್ಮ ಹವೆಗೆ ದಪ್ಪ ಕ್ರೀಮಿಗಿಂತ ಜೆಲ್ ಕ್ರೀಮ್ ಅಥವಾ ತೆಳು ಲೋಶನ್ ಹೊಂದುತ್ತದೆ. ಪರಿಮಳ, ಮೆಂಥಾಲ್, ಆಲ್ಕೊಹಾಲ್ ಡೆನಾಟ್ ಇದ್ದದ್ದು ಬೇಡ. "ನೈಸರ್ಗಿಕ" ಅಂತ ಮುಂದೆ ಬರೆದಿದ್ದರೆ ನಾನು ಹಿಂದೆ ಇನ್ನೂ ಗಮನವಿಟ್ಟು ಓದುತ್ತೇನೆ. ಲ್ಯಾವೆಂಡರ್, ಪುದೀನ, ನಿಂಬೆಯ ಎಣ್ಣೆ ಎಲ್ಲ ನೈಸರ್ಗಿಕವೇ, ಉರಿಯುವುದೂ ಅವೇ.

ಸನ್‌ಸ್ಕ್ರೀನ್ ಬಗ್ಗೆ ವಾದ ಬೇಡ, ಹಚ್ಚಿ. ಕೆಂಪು ಹೆಚ್ಚಿಸುವ ಕಾರಣಗಳಲ್ಲಿ ಬಿಸಿಲು ಮೊದಲನೆಯದು. ಮೊಡವೆ ಹೋದ ಮೇಲೆ ಉಳಿಯುವ ಕಪ್ಪು ಕಲೆಯನ್ನು ಕಪ್ಪಾಗಿಯೇ ಇಡುವುದೂ ಬಿಸಿಲು. ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ. ಉರಿ ಇರುವ ಮುಖಕ್ಕೆ ಝಿಂಕ್ ಆಕ್ಸೈಡ್ ಅಥವಾ ಟೈಟೇನಿಯಂ ಡೈಆಕ್ಸೈಡ್ ಇರುವ ಮಿನರಲ್ ಬಗೆ ಹೆಚ್ಚು ಹೊಂದುತ್ತದೆ. ಬೂದಿ ಬಳಿದ ಹಾಗೆ ಕಾಣುತ್ತದೆ ಎಂಬ ದೂರು ನಿಜವೇ. ಅದಕ್ಕೆ ಚರ್ಮದ ಬಣ್ಣ ಬೆರೆಸಿದ ಟಿಂಟೆಡ್ ಸನ್‌ಸ್ಕ್ರೀನ್ ಇದೆ. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ, ಬಂಗು ಇರುವವರಿಗೆ ಅದು ಹೆಚ್ಚಿನ ಲಾಭ. ಕೆಂಪೂ ಸ್ವಲ್ಪ ಮುಚ್ಚುತ್ತದೆ.

ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು ಬೇಕು, ಮುಖ ಮತ್ತು ಕುತ್ತಿಗೆಗೆ. ಹೊರಗೆ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಬೆವರಿದರೆ ಮೊದಲು ಒತ್ತಿ ಒರೆಸಿ, ಆಮೇಲೆ ಹಚ್ಚಿ. ಇಷ್ಟಾದರೂ ಕೊಡೆಗೆ ಸಮ ಇಲ್ಲ. ಮಾರ್ಚಿನಲ್ಲಿ ಮಧ್ಯಾಹ್ನ ರಥಬೀದಿಯಲ್ಲಿ ನಡೆದರೆ ಮೇಲಿನ ಬಿಸಿಲು ಒಂದು, ಕಲ್ಲುಹಾಸಿನಿಂದ ಏಳುವ ಕಾವು ಇನ್ನೊಂದು. ಮಲ್ಪೆಯಲ್ಲಿ ಮರಳು, ನೀರು ಎರಡೂ ಬೆಳಕನ್ನು ಮುಖಕ್ಕೇ ತಿರುಗಿಸುತ್ತವೆ. ಕೊಡೆ ಹಿಡಿಯಿರಿ. ಸ್ಕೂಟರಿನವರು ಹೆಲ್ಮೆಟ್ಟಿನ ಗದ್ದದ ಪಟ್ಟಿ ವಾರಕ್ಕೊಮ್ಮೆಯಾದರೂ ತೊಳೆಯಿರಿ. ದವಡೆಯ ಒಂದೇ ಸಾಲಿನಲ್ಲಿ ಮೊಡವೆ ಏಳುತ್ತಿದ್ದರೆ ಕಾರಣ ಅದೂ ಇರಬಹುದು.

ರಾತ್ರಿ, ಮತ್ತು ಒಂದೇ ಒಂದು ಔಷಧಿ

ರಾತ್ರಿ ಕ್ಲೆನ್ಸರ್, ಮಾಯಿಶ್ಚರೈಸರ್. ಅಷ್ಟೇ. ಮೂರು ನಾಲ್ಕು ವಾರ ಇಷ್ಟರಲ್ಲೇ ಇದ್ದರೆ ಎಷ್ಟೋ ಮಂದಿಯ ಉರಿ ಇಳಿದಿರುತ್ತದೆ. ಉರಿ ನಿಂತ ಮೇಲೆ ಔಷಧಿಯ ಮಾತು.

ನನ್ನ ಮೆಚ್ಚಿನದು ಅಝೆಲಾಯಿಕ್ ಆಸಿಡ್. ಹೆಸರಿಗೆ ಹೆದರಬೇಡಿ. ಮೊಡವೆಗೂ ಆಗುತ್ತದೆ, ರೊಸೇಶಿಯಾದ ಗುಳ್ಳೆಗೂ ಆಗುತ್ತದೆ, ಕಪ್ಪು ಕಲೆಯನ್ನೂ ನಿಧಾನಕ್ಕೆ ತಿಳಿ ಮಾಡುತ್ತದೆ. ನಮ್ಮ ವಯಸ್ಸಿಗೆ, ನಮ್ಮ ಬಣ್ಣಕ್ಕೆ ಇಷ್ಟು ಕೆಲಸವನ್ನು ಒಂದೇ ಟ್ಯೂಬ್ ಮಾಡುವುದು ಅಪರೂಪ. ಶೇಕಡಾ 10ರದ್ದು ಸೌಂದರ್ಯವರ್ಧಕವಾಗಿ ಸಿಗುತ್ತದೆ, 15 ಮತ್ತು 20ರದ್ದು ಔಷಧಿಯಾಗಿ. ಮೊದಲ ಕೆಲವು ದಿನ ಹಚ್ಚಿದ ಕೂಡಲೇ ಚುಮುಚುಮು ಅಂತ ತುರಿಸುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ನಿಂತರೆ ಚಿಂತೆ ಇಲ್ಲ. ನಿಲ್ಲದಿದ್ದರೆ ತೊಳೆದುಬಿಡಿ. ಮಾಯಿಶ್ಚರೈಸರ್ ಮೊದಲು ಹಚ್ಚಿ ಅದರ ಮೇಲೆ ಔಷಧಿ ಹಚ್ಚಿದರೆ ಉರಿ ಕಡಿಮೆ.

ಕಪ್ಪು ಚುಕ್ಕೆ ಜಾಸ್ತಿ ಇದ್ದರೆ ಅಡಾಪಲೀನ್ 0.1 ಶೇಕಡಾ ಜೆಲ್ ಕೊಡುತ್ತಾರೆ. ಇದು ರೆಟಿನಾಯ್ಡ್, ಅಂದರೆ ವಿಟಮಿನ್ ಎ ಸಂಬಂಧದ ಔಷಧಿಗಳ ಜಾತಿಯದ್ದು. ವೈದ್ಯರನ್ನು ಕೇಳಿಯೇ ಶುರು ಮಾಡಿ. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು, ಅದೂ ವಾರಕ್ಕೆ ಎರಡು ರಾತ್ರಿ. ತಡೆದುಕೊಂಡರೆ ಮೂರು. ಕಣ್ಣಿನ ಸುತ್ತ, ಮೂಗಿನ ಬದಿ, ತುಟಿಯ ಮೂಲೆಗೆ ಬೇಡ. ಗುಣ ಕಾಣಲು 12 ವಾರ ಹಿಡಿಯುತ್ತದೆ. ಹದಿನೈದು ದಿನಕ್ಕೆ "ಏನೂ ಆಗಲಿಲ್ಲ" ಅಂತ ಬಂದರೆ ನಾನು ವಾಪಸ್ ಕಳಿಸುತ್ತೇನೆ. ಬರೀ ಕೆಂಪು, ಉರಿ ಇರುವವರಿಗೆ ಇದು ಉರಿ ಹೆಚ್ಚಿಸಬಹುದು. ಮುಟ್ಟು ಇನ್ನೂ ಪೂರ್ತಿ ನಿಲ್ಲದವರು, ಗರ್ಭ ನಿಲ್ಲುವ ಸಾಧ್ಯತೆ ಇರುವವರು ರೆಟಿನಾಯ್ಡ್ ಮುಟ್ಟುವ ಮೊದಲು ಅದನ್ನು ವೈದ್ಯರಿಗೆ ಹೇಳಬೇಕು. ನಾಚಿಕೆ ಬೇಡ.

ಬೆಂಝಾಯಿಲ್ ಪೆರಾಕ್ಸೈಡ್ ಮೊಡವೆಗೆ ಒಳ್ಳೆಯದೇ, ಆದರೆ ಒಣಗಿದ ಮುಖಕ್ಕೆ ಖಾರ. ಬೇಕೇ ಬೇಕಾದರೆ 2.5 ಶೇಕಡಾ ಸಾಕು. ದಿಂಬಿನ ಬಟ್ಟೆ, ನೈಟಿಯ ಬಣ್ಣ ಎಲ್ಲ ತಿನ್ನುತ್ತದೆ, ಎಚ್ಚರ. ಸೀರಮ್‌ಗಳಲ್ಲಿ ಬರುವ ನಿಯಾಸಿನಮೈಡ್ (ವಿಟಮಿನ್ ಬಿ3) 4, 5 ಶೇಕಡಾ ಹೆಚ್ಚಿನವರಿಗೆ ಹೊಂದುತ್ತದೆ. 10ರದ್ದು ಜಾಸ್ತಿ ಗುಣ ಅಂತ ತೆಗೆದುಕೊಂಡು ಮುಖ ಕೆಂಪಗೆ ಮಾಡಿಕೊಂಡವರು ಕಡಿಮೆ ಇಲ್ಲ. ರೊಸೇಶಿಯಾ ಅಂತ ಖಚಿತವಾದರೆ ವೈದ್ಯರು ಮೆಟ್ರೊನಿಡಝೋಲ್ ಜೆಲ್, ಐವರ್ಮೆಕ್ಟಿನ್ ಕ್ರೀಮ್ ಬರೆಯುತ್ತಾರೆ. ಹೇನಿಗೆ ಕೊಡುವ ಐವರ್ಮೆಕ್ಟಿನ್ ಮುಖಕ್ಕೆ ಯಾಕೆ ಅಂತ ಗಾಬರಿ ಬೇಡ. ಎಲ್ಲರ ಮುಖದಲ್ಲೂ ಇರುವ ಡೆಮೊಡೆಕ್ಸ್ ಎಂಬ ಕಣ್ಣಿಗೆ ಕಾಣದ ಜೀವಿ ರೊಸೇಶಿಯಾದಲ್ಲಿ ಹೆಚ್ಚಾಗಿರುತ್ತದೆ, ಅದಕ್ಕೆ.

ಯಾವುದೇ ಆಗಲಿ, ಒಂದು ಸಲಕ್ಕೆ ಒಂದೇ. ಮೊದಲು ಕಿವಿಯ ಹಿಂದೆ ಅಥವಾ ದವಡೆಯ ಬದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಕೆಲವು ರಾತ್ರಿ ಹಚ್ಚಿ ನೋಡಿ. ಮುಂದಿನ ಹೊಸ ವಸ್ತುವಿಗೆ ತಿಂಗಳು ಅಂತರ ಇರಲಿ. ಒಟ್ಟಿಗೆ ಮೂರು ಶುರು ಮಾಡಿ ಮುಖ ಉರಿದರೆ ಯಾವುದರಿಂದ ಅಂತ ಯಾವ ದೇವರಿಗೂ ಹೇಳಲಾಗದು.

ತೆಂಗಿನೆಣ್ಣೆ, ದಿಂಬು, ಮಳೆ

ಈಗ ಬೈಸಿಕೊಳ್ಳುವ ಭಾಗ. ತೆಂಗಿನೆಣ್ಣೆ.

ನಮ್ಮ ಕರಾವಳಿಯಲ್ಲಿ ತೆಂಗಿನೆಣ್ಣೆಯ ಬಗ್ಗೆ ಕೆಟ್ಟ ಮಾತಾಡಿದರೆ ಮನೆಗೆ ಸೇರಿಸುವುದಿಲ್ಲ. ಒಣಗಿದ ಕೈಕಾಲಿಗೆ ಅದು ನಿಜವಾಗಿ ಒಳ್ಳೆಯದು. ಆದರೆ ಮೊಡವೆ ಏಳುವ ಮುಖಕ್ಕೆ ಬೇಡ. ರಂಧ್ರ ಮುಚ್ಚುತ್ತದೆ. ಯೀಸ್ಟಿನ ಗುಳ್ಳೆ ಇದ್ದರಂತೂ ಎಣ್ಣೆ ಅದಕ್ಕೆ ಊಟ. ಕೂದಲಿಗೆ ಹಾಕುವುದನ್ನು ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ. ತಲೆಸ್ನಾನಕ್ಕೆ ಒಂದು ಗಂಟೆ ಮೊದಲು ಹಾಕಿ, ಹಣೆಗೆ ಬಟ್ಟೆ ಕಟ್ಟಿಕೊಳ್ಳಿ, ತೊಳೆಯಿರಿ. ರಾತ್ರಿ ಎಣ್ಣೆ ತಲೆಯಲ್ಲಿ ಮಲಗಿದರೆ ಅದು ದಿಂಬಿಗೆ, ದಿಂಬಿನಿಂದ ಕೆನ್ನೆಗೆ. ದೀಪಾವಳಿಯ ಎಣ್ಣೆಸ್ನಾನ ವರ್ಷಕ್ಕೊಮ್ಮೆ, ಅದರ ಮಟ್ಟಿಗೆ ಮುಖ ಬಿಟ್ಟು ಉಳಿದದ್ದಕ್ಕೆ ಹಚ್ಚಿ ಅಂದರೆ ಅತ್ತೆಯವರೂ ಒಪ್ಪುತ್ತಾರೆ. ಕೊಂಕಣಿ ಕ್ರೈಸ್ತರ ಮನೆಯಲ್ಲಿ ಮದುವೆಗೆ ಮುಂಚಿನ ರೋಸ್ ಎಂಬ ಶಾಸ್ತ್ರದಲ್ಲಿ ಮದುಮಗಳಿಗೆ ತೆಂಗಿನಹಾಲು ಹಚ್ಚುವಾಗ ಪಕ್ಕದಲ್ಲಿ ನಿಂತವರ ಮುಖಕ್ಕೂ ಬಳಿಯುತ್ತಾರೆ. ಓಡಲು ಆಗದಿದ್ದರೆ ಆಮೇಲೆ ಬೇಗ ತೊಳೆದುಕೊಳ್ಳಿ.

ಉಡುಪಿಗೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರ್ ಒಳಗೆ. ಜುಲೈಯಲ್ಲಿ ದಿಂಬಿನ ಬಟ್ಟೆ ಒಳಗೆ ಹಗ್ಗದಲ್ಲಿ ಎರಡು ದಿನ ನೇತಾಡಿ ಮುಗ್ಗಲು ವಾಸನೆ ಹಿಡಿಯುತ್ತದೆ. ಅದರ ಮೇಲೆ ರಾತ್ರಿಯಿಡೀ ಕೆನ್ನೆ. ಹಳೆ ಹತ್ತಿ ಸೀರೆ ಹರಿದು ನಾಲ್ಕಾರು ತುಂಡು ಮಾಡಿಟ್ಟುಕೊಳ್ಳಿ. ದಿಂಬಿನ ಮೇಲೆ ದಿನಾ ಒಂದು ಹಾಸಿ ಬದಲಿಸಿ. ತೆಳು ಬಟ್ಟೆ ಫ್ಯಾನಿಗೆ ಬೇಗ ಒಣಗುತ್ತದೆ, ಬೇಕಾದರೆ ಇಸ್ತ್ರಿ ಹಾಕಿ. ಮುಖ ಒರೆಸುವ ಬಟ್ಟೆಗೂ ಇದೇ ಉಪಾಯ. ಮಳೆಗಾಲದಲ್ಲಿ ಮೋಡ ಇದೆ ಅಂತ ಸನ್‌ಸ್ಕ್ರೀನ್ ಬಿಡಬೇಡಿ, ಯುವಿಎ ಕಿರಣ ಮೋಡ ದಾಟುತ್ತದೆ, ಕಾರಿನ ಗಾಜನ್ನೂ ದಾಟುತ್ತದೆ.

ಬೊಟ್ಟಿನ ಬಗ್ಗೆ ಒಂದು ಮಾತು. ಹಣೆಯಲ್ಲಿ ಸ್ಟಿಕ್ಕರ್ ಹಾಕುವ ಜಾಗದಲ್ಲೇ ತುರಿಕೆ, ಕೆಂಪು, ಬಿಳಿ ಮಚ್ಚೆ ಬಂದರೆ ಅದು ಅಂಟಿನ ಅಲರ್ಜಿ ಇರಬಹುದು. ಮೊಡವೆಯ ಕ್ರೀಮ್ ಹಚ್ಚುತ್ತಾ ಕೂರಬೇಡಿ, ಸ್ಟಿಕ್ಕರ್ ಬಿಡಿ.

ಅಡುಗೆಮನೆ ಮತ್ತು ಮಾತ್ರೆಯ ಡಬ್ಬ

ಅಡುಗೆಮನೆಯಲ್ಲಿ ರೊಸೇಶಿಯಾದ ಮುಖಕ್ಕೆ ಬಿಸಿಯೇ ಶತ್ರು. ಖಾರ ಎರಡನೆಯದು. ಕೋರಿ ರೊಟ್ಟಿ ತಿನ್ನಬೇಡಿ ಅಂತ ನಾನು ಹೇಳುವುದಿಲ್ಲ, ಹೇಳಿದರೆ ಕೇಳುವವರು ಯಾರು? ಗಸಿ ಸ್ವಲ್ಪ ಆರಲಿ. ಚಹಾ, ಕಷಾಯ ಹೊಗೆಯಾಡುವಾಗ ಕುಡಿಯಬೇಡಿ. ಚಹಾ ತಪ್ಪಲ್ಲ, ಅದರ ಬಿಸಿ ತಪ್ಪು. ಕಡುಬು ಬೇಯಿಸುವ ಪಾತ್ರೆಯ ಮುಚ್ಚಳ ತೆಗೆಯುವಾಗ ಮುಖ ಬದಿಗೆ ತಿರುಗಿಸಿ. ಒಲೆಯ ಮುಂದೆ ತುಂಬ ಹೊತ್ತು ನಿಂತ ದಿನ ನಡುವೆ ಒದ್ದೆ ಬಟ್ಟೆಯನ್ನು ಕೆನ್ನೆಗೆ ಒತ್ತಿ. ಮಂಜುಗಡ್ಡೆ ನೇರ ಉಜ್ಜಬೇಡಿ. ಯಾರಿಗೆ ಯಾವುದರಿಂದ ಕೆಂಪಾಗುತ್ತದೆ ಅಂತ ಒಬ್ಬೊಬ್ಬರದ್ದು ಒಂದೊಂದು. ಕ್ಯಾಲೆಂಡರಿನ ಚೌಕದಲ್ಲಿ ಬರೆಯಿರಿ: ತಿಂದದ್ದು, ಬಿಸಿಲು, ನಿದ್ದೆ, ಜಗಳ. ತಿಂಗಳಲ್ಲಿ ನಿಮಗೇ ಗೊತ್ತಾಗುತ್ತದೆ.

ಈ ವಯಸ್ಸಿನವರು ಮಾತ್ರೆಯ ಡಬ್ಬವನ್ನೂ ತೆರೆದು ನೋಡಬೇಕು. ಬಿಪಿಗೆ ಕೊಡುವ ಆಮ್ಲೊಡಿಪಿನ್ ಕೆಲವರಿಗೆ ಮುಖ ಕೆಂಪಗೆ ಮಾಡುತ್ತದೆ, ಬಿಸಿ ಏರಿಸುತ್ತದೆ. ಬಿ12 ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡಾಗ ಮೊಡವೆ ಏಳುವುದುಂಟು. ಸ್ಟಿರಾಯ್ಡ್ ಮಾತ್ರೆಯೂ ಹಾಗೆ. ಹಾಗಂತ ನೀವೇ ಬಿಪಿ ಮಾತ್ರೆ ನಿಲ್ಲಿಸಬೇಡಿ. ಬರೆದ ವೈದ್ಯರಿಗೆ ಮುಖದ ವಿಷಯ ಹೇಳಿ, ಬದಲಿಸಬೇಕೋ ಬೇಡವೋ ಅವರು ನೋಡಲಿ.

ಮದುವೆಯ ಮುಂಚಿನ ವಾರ

ಪಾರ್ಲರಿನವರ ಮೇಲೆ ನನಗೆ ಸಿಟ್ಟಿಲ್ಲ. ಹುಬ್ಬು ಮಾಡಿಸಿಕೊಳ್ಳಿ. ಆದರೆ ಬ್ಲೀಚ್, ಸ್ಟೀಮ್, ಸ್ಕ್ರಬ್, ಬ್ಲ್ಯಾಕ್‌ಹೆಡ್ ಕೀಳುವುದು, ಈ ನಾಲ್ಕೂ ಕೆಂಪು ಮುಖಕ್ಕೆ ಬೇಡ. ರೆಟಿನಾಯ್ಡ್ ಹಚ್ಚುವವರು ತುಟಿಯ ಮೇಲೆ ವ್ಯಾಕ್ಸ್ ಮಾಡಿಸಬೇಡಿ, ಚರ್ಮವೇ ಎದ್ದು ಬರುತ್ತದೆ. ಮನೆಯ ಕಡಲೆಹಿಟ್ಟು, ನಿಂಬೆರಸ, ಅಡುಗೆ ಸೋಡ, ಟೂತ್‌ಪೇಸ್ಟ್ ಇವಕ್ಕೂ ಅದೇ ಮಾತು. ಮದುವೆ ಹತ್ತಿರ ಇದ್ದಾಗ ಹೊಸತು ಏನೂ ಬೇಡ. ಎರಡು ತಿಂಗಳಿಂದ ಹಚ್ಚುತ್ತಿರುವುದನ್ನೇ ಹಚ್ಚಿ, ಟಿಂಟೆಡ್ ಸನ್‌ಸ್ಕ್ರೀನ್ ಮೇಲೆ ಸ್ವಲ್ಪ ಪೌಡರ್ ಹಾಕಿ ಹೊರಡಿ.

ವೈದ್ಯರ ಹತ್ತಿರ ಯಾವಾಗ

ಕಣ್ಣಿನಲ್ಲಿ ಮರಳು ಬಿದ್ದ ಹಾಗೆ ಕಿರಿಕಿರಿ, ಕೆಂಪು ಇದ್ದರೆ ಬೇಗ ಹೋಗಿ. ರೊಸೇಶಿಯಾ ಕಣ್ಣಿಗೂ ಬರುತ್ತದೆ. ಎರಡು ಕೆನ್ನೆಯಲ್ಲೂ ಕೆಂಪು, ಮೂಗಿನಿಂದ ಬಾಯಿಗೆ ಇಳಿಯುವ ಗೆರೆಯಲ್ಲಿ ಮಾತ್ರ ಇಲ್ಲ, ಜೊತೆಗೆ ಗಂಟುನೋವು, ಸುಸ್ತು, ಬಾಯಿಹುಣ್ಣು ಅಂದರೆ ಲೂಪಸ್ (ದೇಹದ ರಕ್ಷಣಾ ಶಕ್ತಿ ದೇಹದ ಮೇಲೇ ತಿರುಗಿಬೀಳುವ ಕಾಯಿಲೆ) ಇದೆಯೇ ಅಂತ ರಕ್ತಪರೀಕ್ಷೆ ಬೇಕಾದೀತು. ಮೊಡವೆಯ ಜೊತೆ ಮುಖದಲ್ಲಿ ಕೂದಲು ಒಮ್ಮೆಗೇ ಜಾಸ್ತಿಯಾದರೂ ಹೋಗಿ, ಹಾರ್ಮೋನ್ ನೋಡಬೇಕು. ವಾಸಿಯಾಗದೆ ಪದೇ ಪದೇ ರಕ್ತ ಬರುವ ಒಂದೇ ಗುಳ್ಳೆಯನ್ನು ಮೊಡವೆ ಅಂತ ಬಿಡಬೇಡಿ. ಗಟ್ಟಿ ಗುಳ್ಳೆ ಗುಳಿ ಬೀಳಿಸಿ ಹೋಗುತ್ತಿದ್ದರೂ ಕಾಯುವುದು ಬೇಡ.

ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗ ಇದೆ. ಮಂಗಳೂರಿನ ಕಡೆಯವರಿಗೆ ಸರಕಾರಿ ವೆನ್ಲಾಕ್ ಆಸ್ಪತ್ರೆ ಇದೆ. ಹೋಗುವ ದಿನ ಮುಖಕ್ಕೆ ಪೌಡರ್, ಕ್ರೀಮ್ ಏನೂ ಬೇಡ. ಮುಖ ಜಾಸ್ತಿ ಕೆಂಪಾದ ದಿನ ಕಿಟಕಿ ಬೆಳಕಿನಲ್ಲಿ ಮೊಬೈಲಿನಲ್ಲಿ ತೆಗೆದ ಫೋಟೊ ಇದ್ದರೆ ತೋರಿಸಿ, ವೈದ್ಯರ ಎದುರು ಕೂತಾಗ ಮುಖ ಯಾವಾಗಲೂ ಒಳ್ಳೆಯದಾಗಿಯೇ ಕಾಣುತ್ತದೆ. ಬಿಪಿ, ಥೈರಾಯ್ಡ್ ಮಾತ್ರೆಯ ಪಟ್ಟಿ, ಇದುವರೆಗೆ ಹಚ್ಚಿದ ಎಲ್ಲ ಟ್ಯೂಬ್ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಖಾಲಿಯಾದದ್ದೂ ಇರಲಿ. ಅಡಗಿಸಿಟ್ಟ ಆ ಒಂದು ಟ್ಯೂಬನ್ನು ಮೊದಲು ಹಾಕಿ.